ಹಳೇ ಇಪಿಎಬಿಎಕ್ಸ್ ಎಸೆಯುವ ಮೊದಲು ಕೋಣೆ ನಂಬರ್ 112ಕ್ಕೆ ಒಮ್ಮೆ ಹೋಗಿ ಬನ್ನಿ

ಪ್ರಶ್ನೆ: ಗದಗದಲ್ಲಿ ನಮ್ಮದು 38 ಕೋಣೆಯ ಲಾಡ್ಜ್. ಕೆಳಗೆ ಖಾನಾವಳಿ, ಹಿಂದೆ ಸಣ್ಣ ಕಲ್ಯಾಣ ಮಂಟಪ. 14 ವರ್ಷದ ಹಿಂದೆ ಹಾಕಿಸಿದ ಇಪಿಎಬಿಎಕ್ಸ್ (ಕೋಣೆಯ ಫೋನುಗಳನ್ನು ಒಂದಕ್ಕೊಂದು, ಹೊರಗಿನ ಲೈನಿಗೂ ಜೋಡಿಸುವ ಡಬ್ಬಿ) ಇದೆ, ರಿಸೆಪ್ಶನ್‌ನಲ್ಲಿ ಆಪರೇಟರ್ ಕನ್ಸೋಲ್ ಇದೆ. ಕೋಣೆ ನಂಬರೇ ಎಕ್ಸ್‌ಟೆನ್ಶನ್ ನಂಬರ್: 101ರಿಂದ 113, 201ರಿಂದ 213, 301ರಿಂದ 312. ಹೋದ ವರ್ಷ ಲ್ಯಾಂಡ್‌ಲೈನ್ ತಾಮ್ರದಿಂದ ಫೈಬರ್‌ಗೆ ಬದಲಾಯಿತು. ಅಲ್ಲಿಂದ ಮಾತು ಮುಗಿದರೂ ಕನ್ಸೋಲ್ ಮೇಲಿನ ಕೆಂಪು ದೀಪ ಆರುವುದಿಲ್ಲ, ಹೊರಗಿನವರಿಗೆ ಎಂಗೇಜ್ ಬರುತ್ತದೆ. ಬೆಳಗಿನ ವೇಕಪ್ ಕಾಲ್ ಒಂದೊಂದು ದಿನ ಬರುವುದೇ ಇಲ್ಲ. ಒಬ್ಬರು ರೈಲು ತಪ್ಪಿಸಿಕೊಂಡು ಬಾಡಿಗೆ ಕೊಡದೆ ಹೋದರು. ಮೇ ತಿಂಗಳ ಗುಡುಗು ಮಳೆಯಲ್ಲಿ ಆ ಡಬ್ಬಿಯಲ್ಲಿ ಕೋಣೆಯ ಫೋನುಗಳ ತಂತಿ ಸೇರುವ ಎರಡು ಎಕ್ಸ್‌ಟೆನ್ಶನ್ ಕಾರ್ಡ್ ಸುಟ್ಟವು. ಡೀಲರ್ "ಇದರ ಕಾಲ ಮುಗಿಯಿತು, ಎಲ್ಲ ಕಿತ್ತು ಐಪಿ ಹಾಕಿ" ಎನ್ನುತ್ತಾರೆ. ಐಪಿ ಅಂದರೆ ಕಂಪ್ಯೂಟರ್ ನೆಟ್‌ವರ್ಕ್ ಕೇಬಲಿನಲ್ಲಿ ನಡೆಯುವ ಫೋನಂತೆ. ಮಗ "ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ರಿಸೆಪ್ಶನ್‌ಗೆ ಒಂದು ವಾಟ್ಸಾಪ್ ನಂಬರ್ ಸಾಕು" ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ಡೀಲರ್ ಮೂರಕ್ಕೂ ಒಂದೇ ಗುಳಿಗೆ ಬರೆದುಕೊಟ್ಟಿದ್ದಾರೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಲಾಡ್ಜು, ಆಸ್ಪತ್ರೆ, ಜಿನ್ನಿಂಗ್ ಮಿಲ್ಲುಗಳಲ್ಲಿ ಈ ಡಬ್ಬಿಗಳ ಮುಂದೆ ಕೂತು ಇಪ್ಪತ್ತೈದು ವರ್ಷ ಕಳೆದವನು ನಾನು. ಹೊಸ ಡಬ್ಬಿ ಮಾರುವುದು ನನ್ನ ಹೊಟ್ಟೆಪಾಡೂ ಹೌದು. ಆದರೂ ಹೇಳುತ್ತೇನೆ, ನೀವು ಬರೆದ ಮೂರು ತೊಂದರೆಯಲ್ಲಿ ಒಂದಕ್ಕೂ ಹೊಸ ಡಬ್ಬಿ ಬೇಕಿಲ್ಲ.

ನೀವು ಕೇಳದೇ ಇರುವ ನಾಲ್ಕನೆಯದು ಒಂದಿದೆ. ಪತ್ರ ಓದುವಾಗ ನನಗೆ ಜಾಸ್ತಿ ಚಿಂತೆ ಆದದ್ದು ಅದರಿಂದಲೇ. ಮೂರನ್ನೂ ಮುಗಿಸಿ ಅಲ್ಲಿಗೆ ಬರುತ್ತೇನೆ.

ಮೊದಲು ಆ ಆರದ ದೀಪ. ಆ ಕಡೆಯವರು ಫೋನ್ ಇಟ್ಟರು ಅಂತ ನಮಗೆ ತಾನಾಗಿ ಗೊತ್ತಾಗುತ್ತದೆ. ಇಪಿಎಬಿಎಕ್ಸ್‌ಗೆ ಯಾರಾದರೂ ಹೇಳಬೇಕು. ಹೇಳುವ ರೀತಿ ಎರಡು. ಒಂದು, ಎಕ್ಸ್‌ಚೇಂಜ್ ಎರಡು ತಂತಿಯ ಪ್ಲಸ್ಸು ಮೈನಸ್ಸನ್ನು ಅದಲು ಬದಲು ಮಾಡುವುದು. ಇನ್ನೊಂದು, ಬ್ಯುಸಿ ಟೋನ್ ಕಳಿಸುವುದು. ಈಗ ನಿಮ್ಮ ಲೈನ್ ಬರುತ್ತಿರುವುದು ಎಕ್ಸ್‌ಚೇಂಜಿನಿಂದ ನೇರವಾಗಿ ಅಲ್ಲ, ಗೋಡೆಗೆ ಹೊಡೆದ ಬಿಳಿ ಫೈಬರ್ ಡಬ್ಬಿಯ ಫೋನ್ ಜಾಕಿನಿಂದ. ಆ ಡಬ್ಬಿಗೆ ಒಎನ್‌ಟಿ ಎನ್ನುತ್ತಾರೆ. ಸೆಟ್ಟಿಂಗ್ ಮಾಡಿರದಿದ್ದರೆ ಅದು ಪ್ಲಸ್ಸು ಮೈನಸ್ಸು ಬದಲಿಸುವುದಿಲ್ಲ. ಟೋನ್ ಕಳಿಸುತ್ತದೆ, ಆದರೆ ಯಾವ ಟೋನ್? ನಮ್ಮ ದೇಶದ ಬ್ಯುಸಿ ಟೋನ್ 400 ಹರ್ಟ್ಜ್: ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ನಿಮ್ಮ ಇಪಿಎಬಿಎಕ್ಸ್ ಕಾಯುತ್ತಿರುವುದು ಅದಕ್ಕೇ. ಒಎನ್‌ಟಿಯಲ್ಲಿ ಬೇರೆ ದೇಶದ ಸೆಟ್ಟಿಂಗ್ ಕೂತಿದ್ದರೆ ಅದು ಕಳಿಸುವ ಟೋನೇ ಬೇರೆ. ಇಪಿಎಬಿಎಕ್ಸ್‌ಗೆ ಅದು ಯಾರೋ ಮಾತಾಡುತ್ತಿರುವ ಸದ್ದು. ಪಾಪ, ಲೈನ್ ಹಿಡಿದುಕೊಂಡೇ ಕೂರುತ್ತದೆ.

ಬ್ಯಾಡಗಿಯ ಒಂದು ಮೆಣಸಿನಕಾಯಿ ವ್ಯಾಪಾರಿಯ ಆಫೀಸಿನಲ್ಲಿ ಇದೇ ಆಗಿತ್ತು. "ಲೈನ್ ಹಿಡ್ಕೊಂಡ್ ಕುಂತ್ ಬಿಡತೈತ್ರೀ, ದಿನಾ ನಾಕ್ ಸಲ ಆಫ್ ಮಾಡಿ ಆನ್ ಮಾಡ್ತೀವಿ" ಎಂದರು ಗುಮಾಸ್ತರು. ನಾನು ಮಾಡಿದ್ದು ಇಷ್ಟೇ. ನನ್ನ ಮೊಬೈಲಿನಿಂದ ಅವರ ನಂಬರಿಗೆ ಹಚ್ಚಿ, ಅವರು ಎತ್ತಿದ ಮೇಲೆ ಮೊಬೈಲ್ ಕಟ್ ಮಾಡಿ, ಅವರ ರಿಸೀವರ್ ಕಿವಿಗೆ ಹಿಡಿದೆ. ಟೂ ಟೂ ಟೂ ಅಂತ ಅವಸರದ ಸದ್ದು, ಸೆಕೆಂಡಿಗೆ ಎರಡರ ಹತ್ತಿರ. ನಮ್ಮ ಟೋನ್ ಇಷ್ಟು ಅವಸರದ್ದಲ್ಲ. ಇಪಿಎಬಿಎಕ್ಸ್‌ನ ಟ್ರಂಕ್ ಸೆಟ್ಟಿಂಗಿನಲ್ಲಿ, ಅಂದರೆ ಹೊರಗಿನ ಲೈನಿನ ಸೆಟ್ಟಿಂಗಿನಲ್ಲಿ, ಆ ಲಯವನ್ನೇ ಬರೆದೆವು, ಮುಗಿಯಿತು. ನಿಮ್ಮಲ್ಲೂ ಈ ಪರೀಕ್ಷೆ ಎರಡು ನಿಮಿಷದ ಕೆಲಸ. ನಿಮ್ಮ ಇಪಿಎಬಿಎಕ್ಸ್‌ನಲ್ಲಿ ಟೋನ್ ಬದಲಿಸಲು ಆಗದಿದ್ದರೆ, ಫೈಬರ್ ಕೊಟ್ಟವರಿಗೆ "ಪೋಲಾರಿಟಿ ರಿವರ್ಸಲ್ ಆನ್ ಮಾಡಿ, ದೇಶದ ಸೆಟ್ಟಿಂಗ್ ಇಂಡಿಯಾ ಇಡಿ" ಅಂತ ಇದೇ ಪದಗಳಲ್ಲಿ ಹೇಳಿ. "ಲೈನ್ ಸರಿ ಇಲ್ಲ" ಎಂದರೆ ಅವರು ಬಂದು ಡಯಲ್ ಟೋನ್ ಕೇಳಿ ಹೋಗುತ್ತಾರೆ ಅಷ್ಟೇ.

ಫೈಬರ್ ಬಂದ ಮೇಲೆ ಬದಲಾದ ಇನ್ನೊಂದು ವಿಷಯ ಯಾರೂ ಹೇಳಿರುವುದಿಲ್ಲ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರಲ್ಲಿ ಕರೆಂಟ್ ಹೋದರೂ ಫೋನ್ ಜೀವಂತ. ಹಾಗಾಗಿ ಇಪಿಎಬಿಎಕ್ಸ್ ಸತ್ತರೂ ಒಂದು ಹೊರಗಿನ ಲೈನ್ ನೇರವಾಗಿ ಒಂದು ಫೋನಿಗೆ ಹೋಗುವ ಹಾಗೆ ಪವರ್ ಫೇಲ್ ಸೌಲಭ್ಯ ಇರುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಒಎನ್‌ಟಿ ಆರಿದರೆ ಲೈನೂ ಇಲ್ಲ, ಆ ಸೌಲಭ್ಯವೂ ಇಲ್ಲ. ಒಎನ್‌ಟಿಗೆ ಒಂದು ಸಣ್ಣ 12 ವೋಲ್ಟಿನ ಯುಪಿಎಸ್ ಹಾಕಿಸಿ, ಅಥವಾ ರಿಸೆಪ್ಶನ್‌ನ ಇನ್ವರ್ಟರ್ ಲೈನಿಗೆ ಸೇರಿಸಿ.

ವೇಕಪ್ ಕಾಲ್ ವಿಚಾರ. "ಒಂದೊಂದು ದಿನ ಬರಲ್ಲ" ಎಂದಿದ್ದೀರಿ. ಆ ದಿನಗಳ ಹಿಂದಿನ ರಾತ್ರಿ ಕರೆಂಟ್ ಹೋಗಿತ್ತಾ ಅಂತ ಒಮ್ಮೆ ನೆನಪಿಸಿಕೊಳ್ಳಿ. ಇಪಿಎಬಿಎಕ್ಸ್‌ನ ಸಿಪಿಯು ಕಾರ್ಡ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. 14 ವರ್ಷದಲ್ಲಿ ಅದನ್ನು ಯಾರಾದರೂ ಬದಲಿಸಿದ್ದಾರಾ? ನನಗೆ ಅನುಮಾನ. ಅದು ಸತ್ತಿದ್ದರೆ ಪವರ್ ಹೋಗಿ ಬಂದಾಗ ಗಡಿಯಾರ ಮೊದಲಿನಿಂದ ಶುರು. ನೀವು ಐದೂವರೆಗೆ ಎಬ್ಬಿಸು ಅಂತ ಹಾಕಿರುತ್ತೀರಿ, ಅದರ ಲೆಕ್ಕದಲ್ಲಿ ಇನ್ನೂ ನಡುರಾತ್ರಿ. ಬ್ಯಾಟರಿ ಬದಲಿಸಿ. ಒಂದು ಎಚ್ಚರ: ಹಳೇ ಮಾಡೆಲ್‌ಗಳಲ್ಲಿ ಪ್ರೋಗ್ರಾಂ ಕೂಡ ಅದೇ ಬ್ಯಾಟರಿಯ ಮೇಲೆ ಬದುಕಿರಬಹುದು. ಮೊದಲು ಬ್ಯಾಕಪ್ ತೆಗೆಯಿರಿ, ಆಗದಿದ್ದರೆ ಸೆಟ್ಟಿಂಗುಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಮುಟ್ಟಿ.

ಹಾಗೇ, ವೇಕಪ್‌ಗೆ ಗಿರಾಕಿ ಫೋನ್ ಎತ್ತದಿದ್ದರೆ ಕನ್ಸೋಲ್ ಮೇಲೆ ಸೂಚನೆ ಬರುವ ಸೆಟ್ಟಿಂಗ್ ಬಹುತೇಕ ಹೋಟೆಲ್ ಮಾಡೆಲ್‌ಗಳಲ್ಲಿದೆ. ಅದನ್ನು ಆನ್ ಮಾಡಿಸಿ. ಸೂಚನೆ ಬಂದರೆ ಹುಡುಗ ಹೋಗಿ ಬಾಗಿಲು ಬಡಿಯಲಿ. ಕೋಣೆ ಒರೆಸುವಾಗ ಫೋನಿನ ಪಕ್ಕದ ರಿಂಗರ್ ಸ್ವಿಚ್ ಜರುಗಿ ಸದ್ದು ಸಣ್ಣದಾಗಿರುವುದನ್ನೂ ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಸಿಡಿಲು. ನಿಮ್ಮ ಡೀಲರ್ "ಹಳೇ ಮಶೀನು, ಅದಕ್ಕೇ ಸುಟ್ಟಿತು" ಎಂದಿರುತ್ತಾರೆ. ಸಿಡಿಲಿಗೆ ಹೊಸದು ಹಳೆಯದು ಗೊತ್ತಿಲ್ಲ. ಸುಟ್ಟದ್ದು ಎಕ್ಸ್‌ಟೆನ್ಶನ್ ಕಾರ್ಡುಗಳು, ಹೊರಗಿನ ಲೈನಿನ ಟ್ರಂಕ್ ಕಾರ್ಡ್ ಅಲ್ಲ. ಅಂದಮೇಲೆ ಹೊಡೆತ ಬಂದದ್ದು ನಿಮ್ಮದೇ ಆವರಣದ ತಂತಿಯಿಂದ. ಹಿಂದಿನ ಮಂಟಪಕ್ಕೆ ಫೋನ್ ತಂತಿ ಗಾಳಿಯಲ್ಲಿ ಹೋಗಿದೆಯಾ ನೋಡಿ. ನನ್ನ ಊಹೆ, ಹೋಗಿರುತ್ತದೆ. ಅದರ ಮೇಲೇ ಸಿಡಿಲು ಬೀಳಬೇಕಿಲ್ಲ, ಹತ್ತಿರ ಬಿದ್ದರೂ ಆ ಉದ್ದದ ತಂತಿಯಲ್ಲಿ ಕಾರ್ಡ್ ಸುಡುವಷ್ಟು ವೋಲ್ಟೇಜ್ ಹುಟ್ಟುತ್ತದೆ.

ಇಲ್ಲಿ ನಮ್ಮ ಎರೆಮಣ್ಣಿನ ಪಾತ್ರವೂ ಇದೆ. ಮಳೆಗಾಲದಲ್ಲಿ ನೀರು ಹಿಡಿದು ಉಬ್ಬುವ ಇದೇ ಮಣ್ಣು ಏಪ್ರಿಲ್ ಮೇ ಬಂತೆಂದರೆ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಅರ್ತಿಂಗ್ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ, ಅರ್ತ್ ಇದ್ದೂ ಇಲ್ಲದ ಹಾಗೆ. ಅದೇ ಹೊತ್ತಿಗೆ ಅಡ್ಡಮಳೆ, ಗುಡುಗು, ಸಿಡಿಲು. ಆಗಸ್ಟ್‌ನಲ್ಲಿ ಬಂದು ಅಳತೆ ಮಾಡಿ "ಅರ್ತಿಂಗ್ ಫಸ್ಟ್ ಕ್ಲಾಸ್" ಅಂತ ಹೇಳಿ ಹೋದವರ ಮಾತು ಮೇ ತಿಂಗಳಿಗೆ ಲೆಕ್ಕಕ್ಕಿಲ್ಲ. ಬಿರು ಬೇಸಿಗೆಯಲ್ಲಿ ಅಳೆಸಿ. ನಾನು 5 ಓಮ್‌ಗಿಂತ ಕಡಿಮೆ ಬರುವವರೆಗೆ ಬಿಡುವುದಿಲ್ಲ. ಗುಂಡಿಗೆ ಬೇಸಿಗೆ ಪೂರ್ತಿ ವಾರಕ್ಕೆ ಒಂದೆರಡು ಸಲ ಎರಡು ಕೊಡ ನೀರು ಹಾಕಿಸಿ. ಮಂಟಪಕ್ಕೆ ಹೋಗುವ ಜೋಡಿ ತಂತಿಗೆ ಎರಡೂ ತುದಿಯಲ್ಲಿ, ಕ್ರೋನ್ ಮಾಡ್ಯೂಲ್ (ಫೋನ್ ತಂತಿಗಳನ್ನು ಕೂರಿಸುವ ಪಟ್ಟಿ) ಮೇಲೆ, ಸಿಡಿಲಿನ ಹೊಡೆತವನ್ನು ಅರ್ತಿಗೆ ಇಳಿಸುವ ಗ್ಯಾಸ್ ಟ್ಯೂಬ್ ಸರ್ಜ್ ಪ್ರೊಟೆಕ್ಟರ್ ಕೂರಿಸಿ.

ಒಂದು ತಪ್ಪು ನಂಬಿಕೆ ಇಲ್ಲೇ ಹೇಳಿಬಿಡುತ್ತೇನೆ. "ಫೋನಿಗೆ ಬೇರೆ ಅರ್ತ್ ತೋಡಿಸಿ, ಕರೆಂಟಿನ ಅರ್ತಿಗೆ ಸೇರಿಸಬೇಡಿ" ಎನ್ನುವವರು ಬಹಳ. ಸಿಡಿಲು ಹೊಡೆದ ಕ್ಷಣ ಎರಡು ಬೇರೆ ಗುಂಡಿಗಳ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸ ತೀರಿಸಿಕೊಳ್ಳುವ ದಾರಿ ನಿಮ್ಮ ಇಪಿಎಬಿಎಕ್ಸ್ ಕಾರ್ಡು. ಎಷ್ಟು ಗುಂಡಿ ಬೇಕಾದರೂ ತೋಡಿ, ಎಲ್ಲವನ್ನೂ ದಪ್ಪ ತಂತಿಯಿಂದ ಒಂದಕ್ಕೊಂದು ಸೇರಿಸಿ. ಫೈಬರ್ ಕೇಬಲ್ ಜೊತೆ ಹಿಡಿತಕ್ಕೆ ಬರುವ ಉಕ್ಕಿನ ತಂತಿಯನ್ನು ಹೊರಗಿನ ಗೋಡೆಯಲ್ಲೇ ಕತ್ತರಿಸಿ, ಒಳಗೆ ತರಬೇಡಿ.

ಈಗ ನಾಲ್ಕನೆಯದು. ನಿಮ್ಮ ಲಾಡ್ಜಿನಲ್ಲಿ 101, 108, 112 ಎಲ್ಲವೂ ಕೋಣೆಗಳು. ಹೌದಲ್ವಾ? ರಾತ್ರಿ ಎರಡು ಗಂಟೆಗೆ 207ರಲ್ಲಿ ಒಬ್ಬರಿಗೆ ಎದೆನೋವು. ಹೆಂಡತಿ ಗಾಬರಿಯಲ್ಲಿ ಕೋಣೆಯ ಫೋನಿನಿಂದ 108 ಒತ್ತುತ್ತಾರೆ. ಆಂಬ್ಯುಲೆನ್ಸ್ ಬದಲು ಕೆಳಗಿನ ಮಹಡಿಯ 108ರಲ್ಲಿ ಮಲಗಿರುವ ಸೇಲ್ಸ್ ರೆಪ್ ಎದ್ದು ಬೈಯುತ್ತಾನೆ. 112 ಒತ್ತಿದರೆ ಇನ್ನೊಬ್ಬ. ಬೆಂಕಿಗೆ 101 ಒತ್ತಿದರೆ ಮೂರನೆಯವನು. ಮೊಬೈಲ್ ಕೈಯಲ್ಲಿದ್ದವರು ಮೊಬೈಲಿನಿಂದ ಮಾಡುತ್ತಾರೆ ನಿಜ. ಚಾರ್ಜ್ ಮುಗಿದಿದ್ದರೆ? ಕೋಣೆಯಲ್ಲಿ ಮಗು ಒಂದೇ ಇದ್ದರೆ?

ಇದು ಸುಮ್ನೆ ಹೆದರಿಸುವ ಮಾತಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬ ಹೆಂಗಸಿನ ಮೇಲೆ ದಾಳಿ ಆಯಿತು. ಒಂಬತ್ತು ವರ್ಷದ ಮಗಳು, ತಾಯಿ ಕಲಿಸಿದ್ದಂತೆ, ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕೋಣೆಯ ಫೋನಿನಿಂದ ನಾಲ್ಕು ಸಲ ಹಚ್ಚಿದಳು. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕಿತ್ತು. ಮಗುವಿಗೆ ಅದು ಗೊತ್ತಿರಲಿಲ್ಲ. ಕರೆ ಹೋಗಲೇ ಇಲ್ಲ, ತಾಯಿ ಉಳಿಯಲಿಲ್ಲ. ಆ ತಾಯಿಯ ಹೆಸರಿನಲ್ಲೇ 2018ರಲ್ಲಿ ಅಲ್ಲಿ ಕಾನೂನು ಬಂತು: 2020ರ ಫೆಬ್ರುವರಿ 16ರಿಂದ ಹಾಕುವ ಇಂಥ ಫೋನ್ ವ್ಯವಸ್ಥೆಗಳಲ್ಲಿ ಮುಂದೆ ಏನೂ ಒತ್ತದೆ 911 ನೇರ ಹೋಗಬೇಕು, ರಿಸೆಪ್ಶನ್‌ಗೂ ಸೂಚನೆ ಹೋಗಬೇಕು. ಅದು ಅಮೆರಿಕದ ಕಾನೂನು, ನಮಗೆ ಅನ್ವಯಿಸುವುದಿಲ್ಲ. ಆದರೆ ನಮ್ಮ ಲಾಡ್ಜುಗಳಲ್ಲಿ ಹೊರಗಿನ ಲೈನಿಗೆ 0 ಒತ್ತಬೇಕು, ಕೋಣೆಗಳಿಗೆ ಆ 0ಯನ್ನೂ ಲಾಕ್ ಮಾಡಿರುತ್ತೇವೆ. ಅದರ ಮೇಲೆ ಆ ನಂಬರಿನ ಕೋಣೆಗಳೇ ಇವೆ.

ಪರಿಹಾರ ಹಳೇ ಡಬ್ಬಿಯಲ್ಲೂ ಸಾಧ್ಯ, ಅದು ನಾಲ್ಕು ಅಂಕಿಯ ಎಕ್ಸ್‌ಟೆನ್ಶನ್ ಒಪ್ಪಿದರೆ. ಬಾಗಿಲ ಮೇಲಿನ ಕೋಣೆ ನಂಬರ್ ಹಾಗೇ ಇರಲಿ. ಎಕ್ಸ್‌ಟೆನ್ಶನ್‌ಗೆ ಮುಂದೆ 4 ಸೇರಿಸಿ: 4101, 4108, 4112. ಖಾಲಿಯಾದ 101, 108, 112, ಜೊತೆಗೆ ಪೊಲೀಸರ 100, ಇವನ್ನು ಲಾಕ್ ಇದ್ದರೂ ನೇರ ಹೊರಗೆ ಹೋಗುವ ಹಾಗೆ, ಜೊತೆಗೆ ಕನ್ಸೋಲ್ ಮೇಲೆ ಯಾವ ಕೋಣೆಯಿಂದ ಅಂತ ತೋರಿಸುವ ಹಾಗೆ ಹಾಕಿಸಿ. ಎರಡೂ ಒಟ್ಟಿಗೆ ಆಗದಿದ್ದರೆ ಕನ್ಸೋಲ್‌ಗೆ ಬರಲಿ, ಆದರೆ ರಾತ್ರಿ ಅಲ್ಲಿ ಎಚ್ಚರ ಇರುವ ಮನುಷ್ಯ ಬೇಕು. ಇದರಲ್ಲಿ ದೊಡ್ಡ ಕೆಲಸ ಪ್ರೋಗ್ರಾಂ ಅಲ್ಲ, 38 ಫೋನಿನ ಸ್ಟಿಕರ್ ಬದಲಿಸುವುದು. ಅದಕ್ಕೇ ಎಲ್ಲರೂ ಮುಂದೂಡುತ್ತಾರೆ.

ಇದೇ ನಿಮ್ಮ ಮಗನಿಗೆ ನನ್ನ ಉತ್ತರದ ಅರ್ಧ ಭಾಗ. ಅವನ ಮಾತಿನಲ್ಲಿ ಹುರುಳಿದೆ. ಕೋಣೆಯಿಂದ ಹೊರಗೆ ಕರೆ ಮಾಡುವವರು ಈಗ ಯಾರೂ ಇಲ್ಲ. ಒಂದು ಕಾಲದಲ್ಲಿ ಎಸ್‌ಟಿಡಿ ಬಿಲ್ಲಿನಿಂದ ಲಾಡ್ಜಿಗೆ ಒಳ್ಳೆ ಆದಾಯ ಇತ್ತು, ಅದು ಹೋಗಿ ವರ್ಷಗಳಾದವು. ಚಹಾ, ಟವೆಲ್ಲಿಗೆ ವಾಟ್ಸಾಪ್ ಚೆನ್ನಾಗಿಯೇ ನಡೆಯುತ್ತದೆ. ಆದರೆ ಹಳ್ಳಿಯಿಂದ ಆಸ್ಪತ್ರೆ ಕೆಲಸಕ್ಕೆ ಬಂದು ವಸ್ತಿ ಮಾಡುವ ಅಜ್ಜ ನಿಮ್ಮ ನಂಬರ್ ಸೇವ್ ಮಾಡಿಕೊಂಡು ಮೆಸೇಜ್ ಹಾಕುವುದಿಲ್ಲ. ಅವನಿಗೆ ರಿಸೀವರ್ ಎತ್ತಿ 9 ಒತ್ತಿದರೆ "ಹಾಂ, ಹೇಳ್ರೀ" ಎನ್ನುವ ದನಿ ಬೇಕು.

ಇನ್ನರ್ಧ, ಕನ್ಸೋಲಿನ ಹಿಂದೆ ಕೂತ ಮನುಷ್ಯನ ಬಗ್ಗೆ. ಕನ್ಸೋಲ್ ಅಂದರೆ ಗುಂಡಿಗಳ ಹಲಗೆ: ಕೋಣೆಗೊಂದು ಗುಂಡಿ, ಪಕ್ಕದಲ್ಲಿ ದೀಪ. ಯಾರು ಮಾತಾಡುತ್ತಿದ್ದಾರೆ, ಯಾವ ಕರೆ ಕಾಯುತ್ತಿದೆ ಅಂತ ಒಂದು ನೋಟಕ್ಕೆ ಸಿಗುತ್ತದೆ. ಮುಖ್ಯ ಕೆಲಸ ಮಾತ್ರ ಹಲಗೆಯದಲ್ಲ. ಹೊರಗಿನಿಂದ ಒಬ್ಬ ಫೋನ್ ಮಾಡಿ "204ಕ್ಕೆ ಕನೆಕ್ಟ್ ಮಾಡಿ" ಎನ್ನುತ್ತಾನೆ. ಕೋಣೆಗೆ ಹೋದ ಮೇಲೆ "ನಾನು ರಿಸೆಪ್ಶನ್‌ನಿಂದ, ನಿಮ್ಮ ಪೇಮೆಂಟ್ ಫೇಲ್ ಆಗಿದೆ, ಕಾರ್ಡ್ ನಂಬರ್ ಹೇಳಿ" ಎನ್ನುತ್ತಾನೆ. ಗಿರಾಕಿ ನಂಬುತ್ತಾನೆ, ಕೋಣೆಯ ಫೋನಿಗೆ ಬಂದ ಕರೆ ತಾನೇ. ಇದು ಜಗತ್ತಿನ ಎಲ್ಲ ಕಡೆ ಹೋಟೆಲುಗಳಲ್ಲಿ ನಡೆಯುವ ಮೋಸ. ತಡೆಯುವ ಉಪಾಯ ಒಂದೇ: "ಯಾರ ಹತ್ತಿರ ಮಾತಾಡಬೇಕು, ಹೆಸರು ಹೇಳಿ" ಅಂತ ಆಪರೇಟರ್ ಕೇಳುವುದು. ಹೆಸರು ಗೊತ್ತಿಲ್ಲದಿದ್ದರೆ ಕರೆ ಒಳಗೆ ಬಿಡಬಾರದು, ಯಾರು ಯಾವ ಕೋಣೆಯಲ್ಲಿ ಅಂತಲೂ ಹೇಳಬಾರದು. "ಕೋಣೆ ನಂಬರ್ ಒತ್ತಿ" ಎನ್ನುವ ರೆಕಾರ್ಡಿಂಗ್ ಹಾಕಿದರೆ ಈ ಬಾಗಿಲು ತೆರೆದಿಟ್ಟ ಹಾಗೆ. ಆಫೀಸಿಗೆ ಅದು ಸರಿ, ಲಾಡ್ಜಿಗೆ ನಾನು ಹಾಕುವುದಿಲ್ಲ.

ಹಾಗಾದರೆ ಡೀಲರ್ ಹೇಳಿದ ಐಪಿ? ವಯಸ್ಸಿನ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ನಮ್ಮ ಧಾರವಾಡದ ಪಕ್ಕದ ಕಿತ್ತೂರಿನಲ್ಲೇ 1986ರಲ್ಲಿ ಸಿ-ಡಾಟ್‌ನ (ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ) ಮೊದಲ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಕೂತಿತು. ಎಸಿ ಇಲ್ಲದೆ ಧೂಳು ಬಿಸಿಲಲ್ಲಿ ನಡೆಯಲಿ ಅಂತಲೇ ಮಾಡಿದ್ದ ಯಂತ್ರ. ಇಪಿಎಬಿಎಕ್ಸ್ ಅದರ ಚಿಕ್ಕಪ್ಪನ ಮಗ, ಇಂಥವು ಸುಲಭಕ್ಕೆ ಸಾಯುವುದಿಲ್ಲ. ಕೇಳಬೇಕಾದ ಪ್ರಶ್ನೆ, ಬಿಡಿ ಕಾರ್ಡ್ ಸಿಗುತ್ತದಾ? ಕಂಪನಿ ಆ ಮಾಡೆಲ್ ನಿಲ್ಲಿಸಿದ್ದರೆ ಸೆಕೆಂಡ್ ಹ್ಯಾಂಡ್ ಕಾರ್ಡೇ ಗತಿ. ಸಿಪಿಯು ಕಾರ್ಡ್ ಕೆಟ್ಟ ದಿನ ಇಡೀ ಲಾಡ್ಜ್ ಮೂಕ. ಕನ್ಸೋಲ್ ಕೆಟ್ಟರೆ ಅದೇ ಕಂಪನಿಯದೇ ಬೇಕು, ಬೇರೆಯವರದು ಅದರ ಜೊತೆ ಮಾತಾಡುವುದಿಲ್ಲ. ರಿಪೇರಿ ದಾರಿಯ ನಿಜವಾದ ಅಪಾಯ ಇದು.

ಎಲ್ಲ ಕಿತ್ತು ಐಪಿ ಮಾಡಿದರೆ 38 ಕೋಣೆಗೂ ನೆಟ್‌ವರ್ಕ್ ಕೇಬಲ್ ಹೊಸದಾಗಿ ಎಳೆಯಬೇಕು, ಒಂದೊಂದು ಎಳೆ 100 ಮೀಟರ್ ಮೀರುವ ಹಾಗಿಲ್ಲ. ಆ ಕೇಬಲಿನಲ್ಲೇ ಫೋನಿಗೆ ಕರೆಂಟ್ ಕೊಡುವ ನೆಟ್‌ವರ್ಕ್ ಸ್ವಿಚ್ ಡಬ್ಬಿ ಬೇಕು, ಅದಕ್ಕೆ ಯುಪಿಎಸ್ ಬೇಕು. ಗೋಡೆ ಒಡೆದು ರಿನೋವೇಶನ್ ಮಾಡುವಾಗ ಇದು ಸರಿ. ಬರೀ ಫೋನಿಗಾಗಿ ಗೋಡೆ ಒಡೆಯುವುದು ದುಂದು. ನಡುವಿನ ದಾರಿಯೊಂದಿದೆ, ಡೀಲರ್ ಯಾಕೋ ಹೇಳಿಲ್ಲ. ಹೊಸ ಸಣ್ಣ ಐಪಿ ಪಿಬಿಎಕ್ಸ್ (ಐಪಿಯ ಇಪಿಎಬಿಎಕ್ಸ್), ಅದರ ಪಕ್ಕ ಹಳೇ ಫೋನುಗಳನ್ನು ಅದಕ್ಕೆ ಜೋಡಿಸುವ ಅನಲಾಗ್ ಗೇಟ್‌ವೇ ಡಬ್ಬಿ. ಕೋಣೆಯ ಫೋನು, ತಂತಿ ಎಲ್ಲ ಹಳೆಯವೇ. ರಿಸೆಪ್ಶನ್‌ನಲ್ಲಿ ಕಂಪ್ಯೂಟರ್ ಪರದೆಯ ಕನ್ಸೋಲ್. ಫೈಬರ್‌ನಿಂದ ಎಸ್‌ಐಪಿ ಟ್ರಂಕ್ (ನೆಟ್ ಮೂಲಕ ಬರುವ ಹೊರಗಿನ ಲೈನ್) ತೆಗೆದುಕೊಂಡರೆ ಟೋನ್ ಗುರುತಿಸುವ ರಗಳೆಯೇ ಇಲ್ಲ, ಕಟ್ ಆಯಿತು ಅಂತ ಅದು ಬಾಯಿ ಬಿಟ್ಟೇ ಹೇಳುತ್ತದೆ. "ನೆಟ್ ಸ್ಪೀಡ್ ಸಾಲದು" ಎಂಬ ಹೆದರಿಕೆ ಬೇಡ, ಒಂದು ಮಾತಿಗೆ ಸುಮಾರು 100 ಕೆಬಿಪಿಎಸ್ ಹಿಡಿದರೆ ಧಾರಾಳ. ಆದರೆ ಸಿಡಿಲಿನ ದಾರಿ ಹಳೆಯದೇ ಆಗಿರುವುದರಿಂದ, ಅರ್ತಿಂಗ್ ಸರಿ ಮಾಡದೆ ಗೇಟ್‌ವೇ ತಂದರೆ ಮುಂದಿನ ಮೇ ತಿಂಗಳಲ್ಲಿ ಅದೂ ಸುಡುತ್ತದೆ.

ಐಪಿಗೆ ಇನ್ನೊಂದು ಕಳ್ಳದಾರಿ ಇದೆ: ಪಾಸ್‌ವರ್ಡ್. ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡೇ ಉಳಿದಿತ್ತು. ಶನಿವಾರ ರಾತ್ರಿ ಯಾರೋ ಹೊರಗಿನಿಂದ ಒಳಗೆ ನುಗ್ಗಿ ಸೋಮವಾರ ಬೆಳಗಿನವರೆಗೆ ವಿದೇಶಕ್ಕೆ ಕರೆ ಹಚ್ಚಿದ್ದರು. ಬಿಲ್ ನೋಡಿ ಮಾಲೀಕರು ನನಗೆ ಫೋನ್ ಮಾಡಿದಾಗ ಮೊದಲು ಮಾತೇ ಹೊರಡಲಿಲ್ಲ. ಐಎಸ್‌ಡಿ ಬೇಡವಾದರೆ ಕಂಪನಿಯ ಕಡೆಯಿಂದಲೇ ಬಂದ್ ಮಾಡಿಸಿ. ಹಾಗೇ, "ನಿಮ್ಮಲ್ಲಿ ಒಂದು ಸಿಮ್ ಡಬ್ಬಿ ಇಡುತ್ತೇವೆ, ತಿಂಗಳಿಗೆ ಬಾಡಿಗೆ ಕೊಡುತ್ತೇವೆ" ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ವಿದೇಶದ ಇಂಟರ್‌ನೆಟ್ ಕರೆಗಳನ್ನು ಲೋಕಲ್ ಸಿಮ್‌ನಿಂದ ಬಿಡುವ ಅಕ್ರಮ ದಂಧೆ ಅದು, ಪೊಲೀಸರು ಬರುವುದು ಡಬ್ಬಿ ಇರುವ ಜಾಗಕ್ಕೆ.

ಪೂರ್ತಿ ಕ್ಲೌಡ್, ಅಂದರೆ ಡಬ್ಬಿಯೇ ಇಲ್ಲದೆ ಎಲ್ಲವೂ ನೆಟ್ ಮೇಲೆ ನಡೆಯುವ ವ್ಯವಸ್ಥೆ, ಅದರ ಬಗ್ಗೆ ಒಂದೇ ಮಾತು. ನೆಟ್ ಹೋದರೆ ಕೋಣೆಯಿಂದ ರಿಸೆಪ್ಶನ್‌ಗೂ ಫೋನ್ ಹೋಗದ ವ್ಯವಸ್ಥೆ ಲಾಡ್ಜಿಗೆ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಬ್ಯಾಟರಿ, ಟೋನ್ ಸೆಟ್ಟಿಂಗ್, ಎಕ್ಸ್‌ಟೆನ್ಶನ್ ನಂಬರ್ ಬದಲಾವಣೆ ಮಾಡಿಸುತ್ತಿದ್ದೆ. ಬೇಸಿಗೆಗೆ ಮೊದಲು ಅರ್ತಿಂಗ್ ಮತ್ತು ಮಂಟಪದ ತಂತಿ. ಡಬ್ಬಿಯನ್ನು ಅದರ ಪಾಡಿಗೆ ಬಿಟ್ಟು, ಗೇಟ್‌ವೇ ದಾರಿಗೆ ಒಂದು ಕೊಟೇಶನ್ ತರಿಸಿ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಸಿಪಿಯು ಕಾರ್ಡ್ ಕೈಕೊಟ್ಟ ದಿನ ಬೇಕಾಗುತ್ತದೆ.

ನಂಬರ್ ಬದಲಿಸಿದ ಮೇಲೆ ಪರೀಕ್ಷೆಗೆ ಅಂತ ಕೋಣೆಯಿಂದ 112 ಒತ್ತಬೇಡಿ, ನಿಜವಾಗಿಯೂ ಅಲ್ಲಿಗೆ ಹೋಗಿಬಿಡುತ್ತದೆ. ಮೊದಲು ಒಎನ್‌ಟಿಯಿಂದ ಬರುವ ಫೋನ್ ವೈರ್ ಕಿತ್ತಿಡಿ. ಆಮೇಲೆ 312ರಿಂದ ಒತ್ತಿಸಿ, ನೀವು ಕೆಳಗೆ ಕನ್ಸೋಲ್ ಮುಂದೆ ನಿಂತು ಪರದೆಯಲ್ಲಿ 4312 ಬರುತ್ತದಾ ನೋಡಿ. ಬಂದರೆ ವೈರ್ ಮತ್ತೆ ಹಾಕಿ.